‘ವನಾದಿಸ್’: ಒಂದು ಮರದ ಯುದ್ಧನೌಕೆಯ ಚರಿತ್ರೆ

ಸ್ವೀಡನ್ನಿನ ಕಾರ್ಲ್ಸ್‌ಕ್ರೋನದಲ್ಲಿ 1862ರಲ್ಲಿ ನೀರಿಗಿಳಿದ ‘ವನಾದಿಸ್’ ಯುದ್ಧನೌಕೆಯ ಒಡಲು ಮರದ್ದು. ಹಾಯಿಯೊಡನೆ ಉಗಿಯಂತ್ರದ ಬಲವೂ ಅದಕ್ಕಿದ್ದಿತು. ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ, ಕಬ್ಬಿಣದ ಕವಚ ತೊಟ್ಟ ಎರಡು ಹಡಗುಗಳು ಪರಸ್ಪರ ಕಾದಿದುವು. ಮರದ ಯುದ್ಧನೌಕೆಗಳ ಕಾಲ ಮುಗಿಯಿತೆಂಬುದನ್ನು ಆ ಕದನವು ಸಾರಿತು. ಆ ಹಡಗುಗಳಲ್ಲೊಂದಾದ ‘ಮಾನಿಟರ್’ ಅನ್ನು ರೂಪಿಸಿದ ಜಾನ್ ಎರಿಕ್ಸನ್ ಸ್ವೀಡನ್ನಿನಲ್ಲಿಯೇ ಜನಿಸಿದವನೆಂಬುದು ಗಮನಾರ್ಹ.

ಹೀಗೆ ಹುಟ್ಟಿನಲ್ಲಿಯೇ ಹಳತಾದ ವನಾದಿಸ್ಸಿಗೆ ಕೀರ್ತಿ ಬಂದುದು 1883ರಿಂದ 1885ರವರೆಗೆ ನಡೆದ ಭೂಪ್ರದಕ್ಷಿಣೆಯಿಂದ. ಅದರಲ್ಲಿ ಪಯಣಿಸಿದ ವಿದ್ವಾಂಸ ಯಾಲ್ಮಾರ್ ಸ್ಟೋಲ್ಪೆ ನಾನಾ ದೇಶಗಳಿಂದ ಸುಮಾರು 7,500 ವಸ್ತುಗಳನ್ನು ಸಂಗ್ರಹಿಸಿದನು; ಪೆರುವಿನ ಅಂಕೋನ್‌ನಲ್ಲಿ ಪ್ರಾಚೀನ ಸಮಾಧಿಗಳನ್ನೂ ಅಗೆಸಿದನು. ಆ ಸಂಗ್ರಹವು ಸ್ಟಾಕ್‌ಹೋಮಿನ ಜನಾಂಗವಿಜ್ಞಾನ ವಸ್ತುಸಂಗ್ರಹಾಲಯವನ್ನು ಸೇರಿತು. ಯುದ್ಧಕ್ಕೆ ಒದಗದ ನೌಕೆ ವಿದ್ಯೆಗೆ ಒದಗಿತೆಂಬುದು ನಿಜ. ಆ ವಿದ್ಯೆಗಾಗಿ ಪರರ ಸಮಾಧಿಗಳನ್ನು ತೆರೆದುದನ್ನೂ ಚರಿತ್ರಕಾರನು ಮರೆಯಲಾಗದು.