ಬೆಂಕಿಪುರದ ಅಂಬಾಸಿಡರ್

2013ರ ಮೇ ತಿಂಗಳ ಒಂದು ಭಾನುವಾರ ನಮ್ಮ ಅಂಬಾಸಿಡರ್ ಮಾಚೇನಹಳ್ಳಿ ಹತ್ತಿರ ಕೈ ಕೊಟ್ಟಿತು. ಓಡುತ್ತಾ ಓಡುತ್ತಾ ನಿಂತಿದ್ದಲ್ಲ. ನಾವೇ ಟೀ ಕುಡಿಯೋಕೆ ನಿಲ್ಲಿಸಿದ್ವಿ. ಹತ್ತು ನಿಮಿಷ ಬಿಟ್ಟು ಬಂದು ಕೀ ತಿರುಗಿಸಿದರೆ ಸೆಲ್ಫ್ ಹೊಡೀತಿದೆ, ಇಂಜಿನ್ ಹಿಡೀತಿಲ್ಲ. ಪೆಟ್ರೋಲ್ ವಾಸನೆ ಮಾತ್ರ ಟೀ ಅಂಗಡಿಯವರೆಗೂ ಹೋಗಿತ್ತು. ಬಾನೆಟ್ ಎತ್ತಿದರೆ ಕಾರ್ಬೊರೇಟರ್‌ನ ಮೈಯೆಲ್ಲ ಒದ್ದೆ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತಿದೆ. ಅಮ್ಮ ಸೆರಗನ್ನು ಮೂಗಿಗೆ ಹಿಡಿದು ಕೆಳಗಿಳಿದರು. "ರೀ, ಇದರಲ್ಲಿ ಇನ್ನು ನಾನು ಕೂರಲ್ಲ" ಅಂದವರೇ ಭದ್ರಾವತಿ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿ ಹೋದರು. ನೆಂಟರ ಗೃಹಪ್ರವೇಶಕ್ಕೆ ಅಮ್ಮ ಒಬ್ಬರೇ ತಲುಪಿದರು. ಅಪ್ಪ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿದ್ದು, ಯಾಕಂದ್ರೆ ಆ ಇಂಜಿನ್ ಹಾಕಿಸಿದ್ದು ನಾನು.

ಕಾರು 1986ರ ಮಾರ್ಕ್ 4. ಅಪ್ಪ ಭದ್ರಾವತಿಯಲ್ಲಿ ಕೆಲಸದಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ರಿಟೈರ್ ಆಗಿ ಶಿವಮೊಗ್ಗದಲ್ಲಿ ಮನೆ ಮಾಡಿದ ಮೇಲೂ ತಿಂಗಳಿಗೆ ಎರಡು ಸಲ ಅದನ್ನು ಓಡಿಸಿಕೊಂಡು ನ್ಯೂಟೌನ್‌ಗೆ ಹೋಗಿ ಹಳೇ ಸಹೋದ್ಯೋಗಿಗಳ ಜೊತೆ ಹರಟೆ ಹೊಡೆದು ಬರೋರು. ಮೂಲ ಇಂಜಿನ್ ಸವೆದು ನೀಲಿ ಹೊಗೆ ಬಿಡುತ್ತಿತ್ತು. ಮಾರಿಬಿಡಿ ಅಂದೆ, ಒಪ್ಪಲಿಲ್ಲ. ಹಾಗಾದರೆ ಇಸುಜು ಇಂಜಿನ್ ಹಾಕಿಸೋಣ ಅಂದೆ. ಆಮೇಲೆ ಬಂದ 1800 ಮಾಡೆಲ್‌ನ ಇಂಜಿನ್ ಅದು, ಒಂದು ಸ್ಕ್ರ್ಯಾಪ್ ಕಾರಿನಿಂದ ಸಿಕ್ಕಿತು. ಬೆಂಗಳೂರಲ್ಲಿ ಕೂತು ನೆಟ್ ನೋಡಿ ಎಲ್ಲಾ ತಿಳಿದುಕೊಂಡವನ ಹಾಗೆ ಮಾತಾಡಿದ್ದೆ. ಹಳೇ ಇಂಜಿನ್ ಗುಜರಿಗೆ ಹೋಯ್ತು. ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಏರಿಸೋಕೆ ಅಪ್ಪ ಎಷ್ಟು ಸಲ ಓಡಾಡಿದರು ಅನ್ನೋದು ಬೇರೆಯೇ ಕತೆ.

ಇದಾದ ಮೇಲೆ ಎರಡು ತಿಂಗಳು ಒಂದೇ ಕಾಯಿಲೆ. ಪೆಟ್ರೋಲ್ ವಿಪರೀತ ಕುಡಿಯೋದು, ಐಡ್ಲಿಂಗ್‌ನಲ್ಲಿ ಕಪ್ಪು ಹೊಗೆ, ಪ್ಲಗ್ ಬಿಚ್ಚಿದರೆ ಅಡುಗೆಮನೆ ಮಾಡಿನ ಮಸಿ, ಬಿಸಿಯಲ್ಲಿ ನಿಲ್ಲಿಸಿದರೆ ಓವರ್‌ಫ್ಲೋ. ಮೆಕ್ಯಾನಿಕ್‌ಗಳು ಇದಕ್ಕೆ 'ರಿಚ್ ಓಡ್ತಿದೆ' ಅಂತಾರೆ. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ ಅಂತ ಅರ್ಥ.

ಎಷ್ಟು ಇದ್ದರೆ ಸರಿ? ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ. ಈ ಅಂಕಿಯನ್ನು ಮನೆಯ ಅಳತೆಗೆ ತಂದು ನೋಡಿ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 9,000 ಲೀಟರ್ ಗಾಳಿ ಬೇಕು. ಅಂದರೆ ತಾರಸಿ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕು ಒಂಬತ್ತು. ಇಂಜಿನ್ ಅನ್ನೋದು ಪೆಟ್ರೋಲ್ ಕುಡಿಯುವ ಯಂತ್ರ ಅಂದುಕೊಂಡಿದ್ದೇವೆ, ನಿಜಕ್ಕೂ ಅದು ಗಾಳಿ ಕುಡಿಯುವ ಯಂತ್ರ. ಪೆಟ್ರೋಲ್ ಉಪ್ಪಿನಕಾಯಿಯಷ್ಟೇ.

ಈ ಉಪ್ಪಿನಕಾಯಿಯನ್ನು ಅಳತೆಯಾಗಿ ಬಡಿಸುವ ಉಪಾಯ ಸಿಕ್ಕಿದ್ದು 1893ರ ಸುಮಾರಿಗೆ. ಜರ್ಮನಿಯಲ್ಲಿ ವಿಲ್ಹೆಲ್ಮ್ ಮೇಬಾಕ್, ಬುಡಾಪೆಸ್ಟ್‌ನಲ್ಲಿ ದೊನಾತ್ ಬಾಂಕಿ ಮತ್ತು ಯಾನೋಶ್ ಚೋಂಕಾ, ಇವರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತುಂತುರು ಕಾರ್ಬೊರೇಟರ್ ಮಾಡಿದರು. ಗಾಳಿ ಕಿರಿದಾದ ಕತ್ತಿನಲ್ಲಿ ಹಾಯುವಾಗ ಅಲ್ಲಿ ಒತ್ತಡ ಇಳಿಯುತ್ತದೆ, ಪಕ್ಕದ ಸಣ್ಣ ಬಟ್ಟಲಿನಿಂದ ಪೆಟ್ರೋಲ್ ತಾನಾಗಿ ಎಳೆದುಕೊಂಡು ಬರುತ್ತದೆ. ಬಟ್ಟಲಲ್ಲಿ ಪೆಟ್ರೋಲ್ ಮಟ್ಟ ಸದಾ ಒಂದೇ ಇರಬೇಕು. ಅದಕ್ಕೆ ಒಂದು ಫ್ಲೋಟು, ಅದರ ತುದಿಗೆ ಸೂಜಿ ವಾಲ್ವ್. ನಿಮ್ಮ ಓವರ್‌ಹೆಡ್ ಟ್ಯಾಂಕಿನಲ್ಲಿರುವ ಚೆಂಡಿನ ವಾಲ್ವ್ ಇದೆಯಲ್ಲ, ಥೇಟ್ ಅದೇ. ಮಟ್ಟ ಒಂದೆರಡು ಮಿಲಿಮೀಟರ್ ಏರಿದರೆ ಸಾಕು, ಇಂಜಿನ್ ರಿಚ್. ಇನ್ನೂ ಏರಿದರೆ ಬಟ್ಟಲು ತುಂಬಿ ಪೆಟ್ರೋಲ್ ನೇರವಾಗಿ ಇಂಜಿನ್ ಗಂಟಲಿಗೆ ಸುರಿಯುತ್ತದೆ, ಪ್ಲಗ್ ಒದ್ದೆಯಾಗಿ ಕಿಡಿ ಸಾಯುತ್ತದೆ.

ಶಿವಮೊಗ್ಗದಲ್ಲಿ ಇಂಜಿನ್ ಕೂರಿಸಿಕೊಟ್ಟ ಗ್ಯಾರೇಜಿನವರು ಕಾರ್ಬೊರೇಟರನ್ನು ಮೂರು ಸಲ ಬಿಚ್ಚಿದರು. ಮೊದಲ ಸಲ ಚೋಕ್ ಅಂಟಿಕೊಂಡಿದೆ ಅಂದರು. ಎರಡನೇ ಸಲ ಸೂಜಿ ವಾಲ್ವ್ ಹೊಸದು. ಮೂರನೇ ಸಲ ಜೆಟ್ಟನ್ನೇ ಸಣ್ಣದು ಹಾಕಿದರು. ಪ್ರತಿ ಸಲವೂ ಎರಡು ದಿನ ಚೆನ್ನಾಗಿರೋದು, ಮೂರನೇ ದಿನ ಮತ್ತೆ ಅದೇ ರಾಗ. ಕೊನೆಗೆ ಪೆಟ್ರೋಲ್ ಕಲಬೆರಕೆ ಅಂದರು. ಬೆಂಗಳೂರಿಂದ ಫೋನಿನಲ್ಲಿ ನಾನು ಅವರಿಗೆ ಜೋರು ಮಾಡುತ್ತಿದ್ದೆ. ಸೋರುವ ಜಾಗದಲ್ಲೇ ರೋಗ ಇದೆ ಅಂತ ಅವರೂ ನಂಬಿದ್ದರು, ನಾನೂ ನಂಬಿದ್ದೆ.

ಇಂಜಿನ್ ಬದಲಿಸೋದು ನಮ್ಮ ಊರಿನ ಗ್ಯಾರೇಜುಗಳ ಚಪಲ ಅಂದುಕೊಳ್ಳಬೇಡಿ. ನಮ್ಮ ದೇಶದ ಕಾರ್ ಕಂಪನಿಗಳೇ ದಶಕಗಟ್ಟಲೆ ಮಾಡಿದ್ದು ಅದನ್ನೇ. ಅಂಬಾಸಿಡರ್‌ನ ದೇಹ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅಲ್ಲಿ ಅದು ಬೇಗ ಹಳತಾಯಿತು, ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯಿತು. ಮೊದಲು ಸೈಡ್ ವಾಲ್ವ್ ಇಂಜಿನ್, ಆಮೇಲೆ ಬಿಎಂಸಿಯ 1489 ಸಿಸಿ, ತೊಂಬತ್ತರ ದಶಕದಲ್ಲಿ ಇಸುಜುವಿನ 1817 ಸಿಸಿ. ಕಾಂಟೆಸ್ಸಾ 1984ರಲ್ಲಿ ಬಂದಾಗ ವಾಕ್ಸ್‌ಹಾಲ್‌ನ ದೊಡ್ಡ ದೇಹದೊಳಗೆ ಅಂಬಾಸಿಡರ್‌ನದೇ 1489 ಸಿಸಿ ಇಂಜಿನ್. ಎಮ್ಮೆಗೆ ಮೇಕೆಯ ಹೃದಯ ಇಟ್ಟ ಹಾಗೆ. ಪ್ರೀಮಿಯರ್ 118 ಎನ್‌ಇ ಅನ್ನೋದು ಫಿಯೆಟ್ 124ರ ಮೈ, ನಿಸ್ಸಾನ್‌ನ ಎದೆ. ಮಹೀಂದ್ರ ಜೀಪು ವಿಲ್ಲಿಸ್‌ನ ಪೆಟ್ರೋಲ್ ಇಂಜಿನ್‌ನಿಂದ ಶುರುವಾಗಿ, ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್, ಆಮೇಲೆ ಪೂಜೋ ಡೀಸೆಲ್ ಹೊತ್ತು ತಿರುಗಿತು. ಲೈಸೆನ್ಸ್ ರಾಜ್ಯದಲ್ಲಿ ಹೊಸ ದೇಹ ಮಾಡೋದು ಕಷ್ಟ, ದುಬಾರಿ. ಹೊಸ ಎದೆ ಸಲೀಸು. ಮಲೆನಾಡಿನ ಅಡಿಕೆ ಬೆಳೆಗಾರರು ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿಕೊಂಡಾಗ ದೊಡ್ಡ ಕಂಪನಿಗಳ ದಾರಿಯಲ್ಲೇ ನಡೆದಿದ್ದರು. ವ್ಯತ್ಯಾಸ ಒಂದೇ. ಕಂಪನಿಯಲ್ಲಿ ಇಂಜಿನ್ ಜೊತೆ ಅದಕ್ಕೆ ಬೇಕಾದ ಪೈಪು, ವೈರು, ಬ್ರಾಕೆಟ್ಟುಗಳನ್ನೂ ಯಾರೋ ಕೂತು ಡ್ರಾಯಿಂಗ್‌ನಲ್ಲಿ ಬರೆದಿರುತ್ತಾರೆ. ಗ್ಯಾರೇಜಿಗೆ ಬರೋದು ಇಂಜಿನ್ ಮಾತ್ರ, ಡ್ರಾಯಿಂಗ್ ಬರಲ್ಲ.

ಮಾಚೇನಹಳ್ಳಿಯಿಂದ ಅವತ್ತು ಕಾರನ್ನು ಹಗ್ಗ ಕಟ್ಟಿ ಎಳೆಸಿದ್ದು ಶಿವಮೊಗ್ಗಕ್ಕಲ್ಲ, ಭದ್ರಾವತಿಗೆ. ಅಪ್ಪನ ಪರಿಚಯದ ಒಬ್ಬ ಮೇಸ್ತ್ರಿ ಅಲ್ಲಿದ್ದರು. ಎಪ್ಪತ್ತು ದಾಟಿದ್ದ ವಯಸ್ಸು, ಮನೆ ಮುಂದೆ ಒಂದು ಶೀಟ್ ಇಳಿಸಿಕೊಂಡು ಹಳೇ ಗಾಡಿ ಮಾತ್ರ ನೋಡೋರು. ಅವರಿಗೆ ಕೆಲಸ ಕಲಿಸಿದ ಗುರು ಯುದ್ಧದ ಕಾಲದಲ್ಲಿ ಇದ್ದಿಲು ಬಸ್ಸಿನ ಡ್ರೈವರ್ ಆಗಿದ್ದವರಂತೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಇದ್ದಿಲಿಗೂ ಭದ್ರಾವತಿಗೂ ಬಿಡದ ನಂಟು. ಬೆಂಕಿಪುರ ಅಂತ ಹೆಸರಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನ 1918ರಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟೋಕೆ ಶುರು ಮಾಡಿತು. 1923ರಲ್ಲಿ ಕುಲುಮೆ ಹೊತ್ತಿತು. ಅದೇ ವರ್ಷ ವಿಶ್ವೇಶ್ವರಯ್ಯನವರು ಆಡಳಿತದ ಚುಕ್ಕಾಣಿ ಹಿಡಿದರು. ಅದಿರು ಕೆಮ್ಮಣ್ಣುಗುಂಡಿಯದು. ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇಲ್ಲ, ಹಾಗಾಗಿ ಮಲೆನಾಡಿನ ಕಾಡಿನ ಇದ್ದಿಲೇ ಗತಿ. ಮರವನ್ನು ಬಟ್ಟಿ ಇಳಿಸಿ ಇದ್ದಿಲಿನ ಜೊತೆಗೆ ಮರದ ಟಾರು, ಮೆಥನಾಲ್ ತೆಗೆಯುವ ಘಟಕವೂ ಇತ್ತು. ಕಾಡು ಎಷ್ಟು ದಿನ ಕೊಟ್ಟೀತು? 1950ರ ದಶಕದಲ್ಲಿ ಜೋಗದ ವಿದ್ಯುತ್ ನಂಬಿಕೊಂಡು ವಿದ್ಯುತ್ ಕುಲುಮೆಗಳು ಬಂದವು. ಊರಿಗೆ ಊರೇ ಮಾಡಿಸಿಕೊಂಡ ಇಂಜಿನ್ ಬದಲಾವಣೆ ಅದು.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಿದ್ದಾಗ ಸಂಸ್ಥಾನದ ಬಸ್ಸುಗಳೂ ಇದ್ದಿಲಿಗೆ ಬಂದವು. ಬಸ್ಸಿಗೆ ಒಂದು ಹಂಡೆಯಂಥ ಉರುಳೆ ಒಲೆ ಕಟ್ಟಿ, ಅದರಲ್ಲಿ ಇದ್ದಿಲನ್ನು ಅರೆಬರೆ ಗಾಳಿಯಲ್ಲಿ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿದ ಅನಿಲ ಬರುತ್ತದೆ. ಸೋಸಿ, ತಣಿಸಿ ಅದನ್ನೇ ಇಂಜಿನ್ನಿಗೆ ಕುಡಿಸೋದು. ಪೆಟ್ರೋಲಿಗೆ 9,000 ಪಾಲು ಗಾಳಿಯ ಲೆಕ್ಕವಾದರೆ ಈ ಅನಿಲಕ್ಕೆ ಹೆಚ್ಚುಕಡಿಮೆ ಸಮಸಮ. ಡ್ರೈವರ್ ಕೈಯಲ್ಲಿ ಗಾಳಿಯ ಲಿವರ್. ಏರು ಬಂದರೆ ಒಂದು ಹದ, ಇಳಿಜಾರಿಗೆ ಇನ್ನೊಂದು, ಇದ್ದಿಲು ಹಸಿಯಿದ್ದರೆ ಮತ್ತೊಂದು. ಹೊರಡುವ ಮೊದಲು ಬ್ಲೋವರ್ ತಿರುಗಿಸಿ, ಹೊರಬರುವ ಅನಿಲಕ್ಕೆ ಕಡ್ಡಿ ಗೀರಿ, ಉರಿ ನಿಂತು ಉರಿಯುತ್ತದಾ ಅಂತ ನೋಡಿಯೇ ಬಸ್ ಎಬ್ಬಿಸೋದು. ಇದನ್ನು ರಮ್ಯವಾಗಿ ಹೇಳೋದು ನನಗಿಷ್ಟವಿಲ್ಲ. ಶಕ್ತಿ ಅರ್ಧದಷ್ಟು ಬಿದ್ದುಹೋಗುತ್ತಿತ್ತು, ವಿಷದ ಅನಿಲ, ಮೈಯೆಲ್ಲ ಮಸಿ. ಆದರೆ ಆ ಡ್ರೈವರ್‌ಗಳು ಮಿಶ್ರಣದ ಹದವನ್ನು ಕಣ್ಣು, ಕಿವಿ, ಮೂಗಿನಲ್ಲೇ ಕಲಿತರು. ಇವತ್ತಿನ ನಮ್ಮ ಕಾರುಗಳಲ್ಲಿ ಆ ಮೂಗಿನ ಕೆಲಸ ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಮಾಡುತ್ತದೆ. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾಗಿ ಹೊಸ ಕಾರುಗಳಿಂದ ಕಾರ್ಬೊರೇಟರ್ ಹೋಯಿತು. ನಿಮ್ಮಲ್ಲಿ ಬಹಳ ಜನ ಚೋಕ್ ಎಳೆದೇ ಇರಲಿಕ್ಕಿಲ್ಲ.

ಮೇಸ್ತ್ರಿ ಬಾನೆಟ್ ಎತ್ತಿದರು, ಆದರೆ ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಆಯಿಲ್ ಕಡ್ಡಿ ಎಳೆದು ಮೂಸಿದರು.

"ಆಯಿಲ್‌ಗೆ ಪೆಟ್ರೋಲ್ ಇಳಿದಿದೆ ಸಾರ್. ಹಿಂಗೇ ಓಡಿಸಿದ್ರೆ ಬೇರಿಂಗ್ ಹೋಗ್ತಿತ್ತು."

ಆಮೇಲೆ ಶುರುವಾಯ್ತು ಪ್ರಶ್ನೆ. ಬೆಳಿಗ್ಗೆ ಮೊದಲ ಸಲ ಹೆಂಗೆ ಸ್ಟಾರ್ಟ್ ಆಗುತ್ತೆ? ಚೆನ್ನಾಗಿ. ರೋಡಲ್ಲಿ ಅರವತ್ತರಲ್ಲಿ ಹೋಗುವಾಗ? ಪರವಾಗಿಲ್ಲ. ಸಿಗ್ನಲ್‌ನಲ್ಲಿ? ಹೊಗೆ. ಬಿಸಿ ಇದ್ದಾಗ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ? ಪೂರ್ತಿ ಒದ್ದೆ. ಎರಡು ತಿಂಗಳಲ್ಲಿ 'ಯಾವಾಗ' ಅಂತ ಕೇಳಿದ ಮೊದಲ ಮನುಷ್ಯ ಅವರು. ಎಲ್ಲರೂ 'ಎಲ್ಲಿ' ಅಂತಲೇ ನೋಡಿದ್ದರು.

ಕಾರ್ಬೊರೇಟರ್‌ನಿಂದ ಪೈಪಿನ ಮೇಲೆ ಬೆರಳಿಟ್ಟುಕೊಂಡು ಹಿಂದಕ್ಕೆ ಹೋದರು. ಬೆರಳು ಪೆಟ್ರೋಲ್ ಪಂಪಿನ ಹತ್ತಿರ ನಿಂತಿತು. ನಮ್ಮ ಹಳೇ ಇಂಜಿನ್ನಿನ ಪಂಪಿಗೆ ಎರಡು ಮೂತಿ ಇತ್ತು, ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು. ಈ ಪಂಪಿಗೆ ಮೂರು. ಮೂರನೆಯದಕ್ಕೆ ರಬ್ಬರ್ ಪೈಪಿನ ತುಂಡು ಚುಚ್ಚಿ, ಅದರೊಳಗೆ ಬೋಲ್ಟು ತುರುಕಿ ಕ್ಲಿಪ್ ಬಿಗಿದಿತ್ತು.

"ಇದ್ಯಾರು ಬಾಯಿಗೆ ಬಟ್ಟೆ ತುರುಕಿದ್ದು?"

ಅದು ವಾಪಸ್ ದಾರಿ. ಪಂಪು ಇಂಜಿನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಎತ್ತುತ್ತದೆ, ಹೆಚ್ಚಾಗಿದ್ದು ಆ ಸಣ್ಣ ಮೂತಿಯಿಂದ ಟ್ಯಾಂಕಿಗೆ ಮರಳಬೇಕು. ನಮ್ಮ ಮಾರ್ಕ್ 4ರಲ್ಲಿ ಟ್ಯಾಂಕಿಗೆ ಮರಳುವ ಪೈಪೇ ಇಲ್ಲ. ಹಳೇ ದೇಹಕ್ಕೆ ಅದು ಬೇಕಾಗಿರಲಿಲ್ಲ. ಕೂರಿಸಿದವರು ಮಿಕ್ಕ ಮೂತಿ ಯಾಕೆ ಅಂತ ಯೋಚಿಸದೆ ಮುಚ್ಚಿಬಿಟ್ಟರು. ಒತ್ತಡ ಏರಿ ಸೂಜಿ ವಾಲ್ವನ್ನು ತಳ್ಳುತ್ತಿತ್ತು, ಬಟ್ಟಲಿನ ಮಟ್ಟ ಏರುತ್ತಿತ್ತು. ಜೋರಾಗಿ ಓಡುವಾಗ ಇಂಜಿನ್ನೇ ಕುಡಿದು ಮುಗಿಸುತ್ತಿದ್ದರಿಂದ ಗೊತ್ತಾಗುತ್ತಿರಲಿಲ್ಲ. ಬಿಸಿಯಲ್ಲಿ ನಿಲ್ಲಿಸಿದಾಗ ಇನ್ನೂ ಕೆಟ್ಟದು. ಇಂಜಿನ್ ಆಫ್ ಆದ ಮೇಲೆ ಫ್ಯಾನ್ ಇಲ್ಲ, ನೀರಿನ ಓಡಾಟವಿಲ್ಲ, ಬಾನೆಟ್ ಒಳಗಿನ ಶಾಖ ಕೆಲವು ನಿಮಿಷ ಏರುತ್ತಲೇ ಹೋಗುತ್ತದೆ. ಪೈಪಿನಲ್ಲಿ ಸಿಕ್ಕಿಕೊಂಡ ಪೆಟ್ರೋಲ್ ಹಿಗ್ಗುತ್ತದೆ. ಹಿಂದಕ್ಕೆ ದಾರಿಯಿಲ್ಲ, ಮುಂದೆ ಸೂಜಿ ವಾಲ್ವ್. ಎಷ್ಟು ಹೊಸ ವಾಲ್ವ್ ಹಾಕಿದರೇನು?

ಬೋಲ್ಟು ಕಿತ್ತು, ಉದ್ದದ ಪೈಪು ಹಾಕಿ, ಅದರ ತುದಿಯನ್ನು ದೂರದಲ್ಲಿಟ್ಟ ಕ್ಯಾನಿಗೆ ಬಿಟ್ಟರು. ಪಕ್ಕದಲ್ಲಿ ಬೀಡಿ ಹಚ್ಚಿದ್ದವನನ್ನು ಬೈದು ಓಡಿಸಿದರು. ಸ್ಟಾರ್ಟ್ ಮಾಡಿದರೆ ಕ್ಯಾನಿಗೆ ದಾರದಂಥ ಧಾರೆ. ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಕೂತೆವು. ಆ ಹತ್ತು ನಿಮಿಷ ಅಪ್ಪ ಬಾನೆಟ್‌ನಿಂದ ಕಣ್ಣು ತೆಗೆಯಲಿಲ್ಲ. ಕಾರ್ಬೊರೇಟರ್ ಒಣಗಿಕೊಂಡೇ ಇತ್ತು. ಕೀ ತಿರುಗಿಸಿದ ತಕ್ಷಣ ಹಿಡಿಯಿತು.

ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸೋಣವಾ ಅಂತ ನಾನು ಕೇಳಿದೆ. "ತಮ್ಮಾ, ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಅಂದ್ರೆ ಬಾಂಬು" ಅಂದರು. ಪೆಟ್ರೋಲ್ ಗೇಜಿನ ತಟ್ಟೆಯನ್ನು ಬಿಚ್ಚಿ, ದೂರ ತಗೊಂಡು ಹೋಗಿ ಅದಕ್ಕೆ ಹಿತ್ತಾಳೆ ಮೂತಿ ಬೆಸೆದು, ಮತ್ತೆ ಕೂರಿಸಿ, ಅಲ್ಲಿಂದ ಇಂಜಿನ್‌ವರೆಗೆ ಹೊಸ ಪೈಪು ಎಳೆದರು. ಆಯಿಲ್ ಬದಲಾಯಿತು. ಎರಡು ದಿನದ ಕೆಲಸ.

ಮುಗಿಯಿತು ಅಂದುಕೊಂಡರೆ ಈಗ ಹೊಸ ತಕರಾರು. ಆಕ್ಸಿಲರೇಟರ್ ತುಳಿದರೆ ಗಾಡಿ ಕೆಮ್ಮುತ್ತಿದೆ, ಎಳೆತವಿಲ್ಲ. ಪ್ಲಗ್ ನೋಡಿದರೆ ಬಿಳಿಚಿಕೊಂಡಿದೆ. ಮೇಸ್ತ್ರಿ ನಕ್ಕರು. ಮಿಶ್ರಣ ಈಗ ತೆಳ್ಳಗಾಗಿದೆ, ಆ ಗ್ಯಾರೇಜಿನವರು ಮೂರನೇ ಸಲ ಹಾಕಿದ ಸಣ್ಣ ಜೆಟ್ ಇನ್ನೂ ಒಳಗಿತ್ತಲ್ಲ. ಇಲ್ಲದ ರೋಗಕ್ಕೆ ಕೊಟ್ಟ ಔಷಧಿ.

"ಅದರದೇ ಜೆಟ್ ಬೇಕು. ಈಗೆಲ್ಲಿ ಹುಡುಕ್ತೀರಿ?"

ನಾನು ಫೋನ್ ತೆಗೆದು ಬೆಂಗಳೂರಿನ ಜೆಸಿ ರಸ್ತೆಯ ಅಂಗಡಿಗಳ ನಂಬರ್ ಹುಡುಕೋಕೆ ಶುರು ಮಾಡಿದೆ. ಅಪ್ಪ ಏನೂ ಹೇಳದೆ ಗ್ಲೋವ್ ಬಾಕ್ಸ್ ತೆಗೆದು, ಇನ್ಶೂರೆನ್ಸ್ ಕಾಗದಗಳ ಅಡಿಯಿಂದ ಒಂದು ಬೆಂಕಿಪೊಟ್ಟಣ ತೆಗೆದು ಮೇಸ್ತ್ರಿ ಕೈಗೆ ಕೊಟ್ಟರು. ಒಳಗೆ ಹತ್ತಿಯಲ್ಲಿ ಸುತ್ತಿದ ಹಿತ್ತಾಳೆ ಜೆಟ್. ಗ್ಯಾರೇಜಿನವರು ಬಿಸಾಡೋಕೆ ಹೊರಟಿದ್ದನ್ನು ಕೇಳಿ ಇಸಕೊಂಡು ಬಂದಿದ್ದರಂತೆ.

ಸಂಜೆ ಅಮ್ಮನನ್ನು ಕರೆದುಕೊಂಡು ಬರಲು ನೆಂಟರ ಮನೆಗೆ ಹೋದೆವು. ಅಮ್ಮ ಕಾರನ್ನು ಒಂದು ಸುತ್ತು ಹಾಕಿ, ಬಾನೆಟ್ ಹತ್ತಿರ ಬಗ್ಗಿ ಮೂಸಿ, ಹಿಂದಿನ ಸೀಟಲ್ಲಿ ಬಾಗಿಲ ಪಕ್ಕ ಕೂತರು. ಶಿವಮೊಗ್ಗದವರೆಗೂ ಗಾಜು ಏರಿಸಲಿಲ್ಲ.