ಹುಂಚದ ಐತಿಹ್ಯವೂ ಭದ್ರಾವತಿಯ ಕಾರ್ಖಾನೆಯೂ

ಸಾಂತರರ ರಾಜಧಾನಿಯಾಗಿದ್ದ ಹುಂಚವು ಶಾಸನಗಳಲ್ಲಿ ಪೊಂಬುರ್ಚವೆಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಉತ್ತರ ಮಧುರೆಯಿಂದ ಬಂದ ಜಿನದತ್ತನು ಪದ್ಮಾವತೀ ದೇವಿಯ ವಿಗ್ರಹಕ್ಕೆ ಕಬ್ಬಿಣವನ್ನು ಸೋಂಕಿಸಲು ಅದು ಚಿನ್ನವಾಯಿತೆಂದೂ, ಆ ಚಿನ್ನದಿಂದ ಅವನು ಲಕ್ಕಿಯ ಗಿಡವಿದ್ದ ಸ್ಥಳದಲ್ಲಿ ಪಟ್ಟಣವನ್ನು ಕಟ್ಟಿಸಿದನೆಂದೂ ಅಲ್ಲಿಯ ಐತಿಹ್ಯವು ಹೇಳುತ್ತದೆ. ಚಟ್ಟಲದೇವಿಯು 1077ರಲ್ಲಿ ಕಟ್ಟಿಸಿದ ಪಂಚಬಸದಿಯನ್ನು ನೋಡಿದವರಿಗೆ ಆ ಊರಿನ ಸಿರಿಯಲ್ಲಿ ಸಂದೇಹವುಂಟಾಗದು. ಆದರೆ ಆ ಕಬ್ಬಿಣವನ್ನು ಕಾಸಿದವರು ಯಾರು, ಅವರನ್ನು ಆ ಕೆಲಸಕ್ಕೆ ಆರಿಸಿದವರು ಯಾರು ಎಂಬ ಪ್ರಶ್ನೆಯು ಐತಿಹ್ಯಕ್ಕೆ ಬೇಕಾಗಿಲ್ಲ. ಅದೇ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ, ಇಪ್ಪತ್ತನೆಯ ಶತಮಾನದಲ್ಲಿ, ಆ ಪ್ರಶ್ನೆಯೇ ಮುಖ್ಯವಾಯಿತು.

ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕಾರ್ಯವು 1918ರಲ್ಲಿ ಆರಂಭವಾಗಿ, 1923ರ ಜನವರಿಯಲ್ಲಿ ಕುಲುಮೆಯು ಉರಿಯತೊಡಗಿತು. ಅದುರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕಲ್ಲಿದ್ದಲು ಸಮೀಪದಲ್ಲಿ ದೊರೆಯದ ಕಾರಣ ಮಲೆನಾಡಿನ ಕಾಡುಮರವನ್ನೇ ಭಟ್ಟಿಯಿಳಿಸಿ ಇದ್ದಲು ಮಾಡಿಕೊಳ್ಳಬೇಕಾಗಿತ್ತು. ಅದರೊಡನೆ ಮರದ ಮದ್ಯಸಾರ, ಟಾರು ಮೊದಲಾದ ಪದಾರ್ಥಗಳೂ ದೊರೆಯುತ್ತಿದ್ದುವು. ಯೋಜನೆಯನ್ನು ರೂಪಿಸಿದವರು ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಎಂಬ ಇಂಜಿನಿಯರರು. ಮೊದಲ ವರ್ಷಗಳಲ್ಲಿ ಮೇಲಿನ ಹುದ್ದೆಗಳು ಹೊರಗಿನಿಂದ ಬಂದ ತಜ್ಞರ ಕೈಯಲ್ಲಿದ್ದುವು. ಯುದ್ಧಾನಂತರ ಕಬ್ಬಿಣದ ಬೆಲೆಯು ಕುಸಿಯಲು ಕಾರ್ಖಾನೆಯು ನಷ್ಟಕ್ಕೀಡಾಯಿತು.

1923ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿ 1929ರವರೆಗೆ ನಡೆಸಿದರು. ವಿದೇಶೀಯ ತಜ್ಞರನ್ನು ಕ್ರಮಕ್ರಮವಾಗಿ ಬಿಡಿಸಿ ಆ ಸ್ಥಾನಗಳಿಗೆ ದೇಶೀಯರನ್ನು ತರಬೇತುಗೊಳಿಸಿ ನೇಮಿಸಿದುದು ಅವರ ಕಾರ್ಯಗಳಲ್ಲೆಲ್ಲ ಪ್ರಧಾನವಾದುದು. ದುಬಾರಿ ಸಂಬಳದ ಹೊರೆಯನ್ನಿಳಿಸುವುದೊಂದೇ ಇದರ ಉದ್ದೇಶವಾಗಿರಲಿಲ್ಲ. ಕುಲುಮೆಯ ಮರ್ಮವು ನಾಡಿನವರ ಕೈಗೆ ಬಾರದೆ ಕಾರ್ಖಾನೆಯು ನಾಡಿನದಾಗದೆಂಬುದು ಅವರ ನಿಶ್ಚಯ.

ನಾಡಿನವರೆಂದರೆ ಯಾರು? ಈ ಪ್ರಶ್ನೆಯು ಅವರನ್ನು ಮೊದಲೇ ಎದುರಿಸಿತ್ತು. ಸರ್ಕಾರಿ ಉದ್ಯೋಗಗಳಲ್ಲಿ ಬ್ರಾಹ್ಮಣೇತರರ ಸಂಖ್ಯೆಯನ್ನು ಹೆಚ್ಚಿಸುವ ಬಗ್ಗೆ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾಯಿತು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದೆಯೂ ಕೆಳಗಿನವುಗಳಲ್ಲಿ ಮೂರರಲ್ಲೆರಡು ಪಾಲಿಗೆ ಕಡಮೆಯಿಲ್ಲದೆಯೂ ಹಿಂದುಳಿದ ಪಂಗಡಗಳವರಿರಬೇಕೆಂದು ಅದು ಸಲಹೆಯಿತ್ತಿತು. ಯೋಗ್ಯತೆಯೊಂದೇ ಪ್ರಮಾಣವೆಂದು ಭಾವಿಸಿದ್ದ ವಿಶ್ವೇಶ್ವರಯ್ಯನವರು ಈ ಮಾರ್ಗವನ್ನೊಪ್ಪದೆ ಅದೇ ವರ್ಷ ದಿವಾನಗಿರಿಯನ್ನು ಬಿಟ್ಟರು.

ಇವೆರಡು ಪಕ್ಷಗಳನ್ನು ಭದ್ರಾವತಿಯ ದೃಷ್ಟಿಯಿಂದ ನೋಡುವುದು ಉಚಿತ. ಕಾಸಿದ ಲೋಹದ ಮುಂದೆ ನಿಂತವನ ಜಾತಿಯನ್ನು ಕುಲುಮೆಯು ಕೇಳದು. ಅಲ್ಲಿ ಕೈಯ ಕುಶಲತೆಯೇ ಸಾಕ್ಷಿ. ಈ ಮಟ್ಟಿಗೆ ಯೋಗ್ಯತಾಪಕ್ಷವು ಬಲವಾದುದೇ ಸರಿ. ಆದರೆ ಕುಲುಮೆಯ ಬಳಿಗೆ ಬರುವ ಮೊದಲು ಅಭ್ಯರ್ಥಿಯು ಕಛೇರಿಯ ಮೇಜಿನ ಮುಂದೆ ನಿಲ್ಲಬೇಕು; ಅಲ್ಲಿ ಕೇಳುವುದು ಪರೀಕ್ಷೆಯ ಪತ್ರವನ್ನು. 1917ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ್ ಕಾಲೇಜಿನವರೆಗೆ ನಡೆದು ಹೋಗುವ ದಾರಿಯು ಹುಂಚದಂತಹ ಕಾಡುಸೀಮೆಯ ಒಕ್ಕಲಮಗನಿಗೆ ಎಷ್ಟು ದೂರವಾಗಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಮರ ಕಡಿಯಲು ಯಾವ ಪತ್ರವೂ ಬೇಕಾಗಿರಲಿಲ್ಲ. ಮಿಲ್ಲರ್ ಸಮಿತಿಯು ಕಂಡ ದೋಷವು ಇದೇ. ಅದನ್ನು ಕೇವಲ ಹುದ್ದೆಗಳ ಹಂಚಿಕೆಯ ಕಲಹವೆಂದು ಬಗೆದವರು ಅದಕ್ಕೆ ನ್ಯಾಯವನ್ನು ಸಲ್ಲಿಸಿದಂತಾಗಲಿಲ್ಲ.

ವಿಶ್ವೇಶ್ವರಯ್ಯನವರಿಗೂ ಈ ಕೊರತೆಯು ಕಾಣದಿರಲಿಲ್ಲವೆಂಬುದಕ್ಕೆ ಅವರ ನಡತೆಯೇ ಆಧಾರ. ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ, ಒಂದು ಲಕ್ಷ ರೂಪಾಯಿಗೆ ಮೀರಿದ ಸಂಭಾವನೆಯನ್ನು ಅವರು ಸ್ವೀಕರಿಸದೆ, ಹುಡುಗರಿಗೆ ಕಸಬು ಕಲಿಸುವ ಸಂಸ್ಥೆಗೆ ವಿನಿಯೋಗಿಸಬೇಕೆಂದು ಕೋರಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಯು ಹೀಗೆ 1943ರಲ್ಲಿ ಹುಟ್ಟಿತು. ಯೋಗ್ಯತೆಯನ್ನು ಅಳೆಯುವವನು ಅದನ್ನು ಗಳಿಸುವ ಸಾಧನವನ್ನೂ ಒದಗಿಸಬೇಕೆಂಬುದು ಇದರ ತಾತ್ಪರ್ಯ. ಶಾಲೆಯು ಭದ್ರಾವತಿಗೆ ಬಾರದೆ ಬೆಂಗಳೂರಿನಲ್ಲಿ ನಿಂತುದು ಮಾತ್ರ ಮಲೆನಾಡಿಗೆ ಅನುಕೂಲವಾಗಲಿಲ್ಲ.

ಮುಂದಿನ ಕಥೆಯನ್ನು ಸಂಗ್ರಹವಾಗಿ ಹೇಳಬಹುದು. 1936ರಲ್ಲಿ ಉಕ್ಕಿನ ತಯಾರಿಕೆಯು ಮೊದಲಾಯಿತು. 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದುವು. ಹೊಸನಗರದ ಸೀಮೆಯಲ್ಲಿ ಹರಿದು ಜೋಗದಲ್ಲಿ ಧುಮುಕುವ ಶರಾವತಿಯ ಶಕ್ತಿಯು ಇದ್ದಲಿನ ಸ್ಥಾನವನ್ನು ಕ್ರಮೇಣ ಆಕ್ರಮಿಸಿತು. 1962ರಲ್ಲಿ ಸರ್ಕಾರದ ಇಲಾಖೆಯಾಗಿದ್ದುದು ಕಂಪೆನಿಯಾಯಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು 1998ರಲ್ಲಿ ಅದರಲ್ಲಿ ಲೀನವಾಯಿತು. 2023ರ ಜನವರಿಯಲ್ಲಿ ಪ್ರಾಧಿಕಾರವು ಕಾರ್ಖಾನೆಯನ್ನು ಮುಚ್ಚಲು ನಿರ್ಧರಿಸಿದಾಗ ಅಲ್ಲಿದ್ದ ಕೆಲಸಗಾರರಲ್ಲಿ ಕಾಯಂ ನೌಕರರಿಗಿಂತ ಗುತ್ತಿಗೆಯವರೇ ಹೆಚ್ಚಿನ ಸಂಖ್ಯೆಯಲ್ಲಿದ್ದರು. ದ್ವಾರದ ಬಳಿ ಧರಣಿ ಕುಳಿತವರೂ ಅವರೇ.