ಹಂಗಳದ ನೇರ ರಸ್ತೆ ಡ್ರ್ಯಾಗ್ ಸ್ಟ್ರಿಪ್ ಅಲ್ಲ: ನಿಜವಾದ ಡ್ರ್ಯಾಗ್ ರೇಸ್‌ನಲ್ಲಿ ಸಾಲಿನಲ್ಲಿ ಕಾಯುವುದೇ ಅರ್ಧ ಆಟ

ಇಂಥದ್ದೊಂದು ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ನೇರವಾದ ಡಾಂಬರು ರಸ್ತೆ, ಪಕ್ಕದಲ್ಲಿ ಸೂರ್ಯಕಾಂತಿ ಹೊಲ, ದೂರದಲ್ಲಿ ಮಂಜು ಮುಸುಕಿದ ಬೆಟ್ಟ. ಎರಡು ಬೈಕು ಪಕ್ಕಪಕ್ಕ ನಿಂತಿವೆ. ಮೂರನೆಯವನು ಎತ್ತಿದ ಕೈ ಇಳಿಸಿದ ತಕ್ಷಣ ಎರಡೂ ಅಬ್ಬರಿಸಿಕೊಂಡು ಹೊರಡುತ್ತವೆ. ಕೆಳಗೆ ಒಂದು ಸಾಲು: ‘ರಸ್ತೆ ಖಾಲಿ ಇತ್ತು, ಯಾರಿಗೂ ತೊಂದರೆ ಆಗಿಲ್ಲ, ಇದು ಪಕ್ಕಾ ಡ್ರ್ಯಾಗ್ ರೇಸ್.’

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು, ಹಂಗಳದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆ ತಿರುಗುವ ದಾರಿ ಇಂಥ ವಿಡಿಯೋಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಆ ಕೊನೆಯ ಮಾತು ತಪ್ಪು. ಕಾನೂನಿನ ಪ್ರಕಾರ ತಪ್ಪು ಎನ್ನುವುದು ಎಲ್ಲರಿಗೂ ಗೊತ್ತು. ಡ್ರ್ಯಾಗ್ ರೇಸ್‌ನ ಪ್ರಕಾರವೇ ತಪ್ಪು ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ.

ಡ್ರ್ಯಾಗ್ ರೇಸ್ ಎಂದರೆ ಏನು?

ನಿಂತ ಜಾಗದಿಂದ ಹೊರಟು ನೇರ ಟ್ರ್ಯಾಕ್‌ನಲ್ಲಿ ಗೊತ್ತಾದ ದೂರ ಮುಟ್ಟುವ ಓಟ. ಸಾಮಾನ್ಯವಾಗಿ ಕಾಲು ಮೈಲಿ, ಅಂದರೆ 402 ಮೀಟರ್. ಕೆಲವು ಕಡೆ ಅದರ ಅರ್ಧ, 201 ಮೀಟರ್. ಓಟ ಹತ್ತು–ಹದಿನೈದು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಆ ಹದಿನೈದು ಸೆಕೆಂಡಿಗಾಗಿ ಸ್ಪರ್ಧಿ ಕೆಲವೊಮ್ಮೆ ಒಂದು ಗಂಟೆ ಸಾಲಿನಲ್ಲಿ ನಿಂತಿರುತ್ತಾನೆ. ಆ ಸಾಲಿನ ಹೆಸರೇ ಸ್ಟೇಜಿಂಗ್ ಲೇನ್.

ಅಮೆರಿಕದಲ್ಲೂ ಈ ಆಟ ಊರಾಚೆಯ ರಸ್ತೆಗಳಲ್ಲಿ ಪುಂಡಾಟವಾಗಿಯೇ ಇತ್ತು. ಅದನ್ನು ರಸ್ತೆಯಿಂದ ಎತ್ತಿ ಟ್ರ್ಯಾಕ್‌ಗೆ ತರಲೆಂದು ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಕೈ ಎತ್ತಿ ಇಳಿಸುವ, ಬಾವುಟ ಬೀಸುವ ಪದ್ಧತಿಯ ಜಾಗಕ್ಕೆ 1963ರಲ್ಲಿ ದೀಪದ ಕಂಬ ಬಂತು. ಅದನ್ನು ಕ್ರಿಸ್ಮಸ್ ಟ್ರೀ ಎನ್ನುತ್ತಾರೆ. ಅಂದರೆ ವಿಡಿಯೋದಲ್ಲಿ ಕೈ ಇಳಿಸುವ ಹುಡುಗ ಮಾಡುತ್ತಿರುವುದು ಅರವತ್ತು ವರ್ಷದ ಹಿಂದೆಯೇ ಆಟದವರು ಬಿಟ್ಟ ಕೆಲಸ.

ಸಾಲಿನ ಮರ್ಯಾದೆ

ಪಿಟ್‌ನಿಂದ ಹೊರಟ ವಾಹನ ಸ್ಟಾರ್ಟ್ ಗೆರೆಗೆ ಹೋಗುವ ಮುನ್ನ ನಿಲ್ಲುವ ಜಾಗವೇ ಸ್ಟೇಜಿಂಗ್ ಲೇನ್. ಮೈಕಿನಲ್ಲಿ ವರ್ಗದ ಹೆಸರು ಕೂಗುತ್ತಾರೆ. ಕೂಗಿದಾಗ ಅಲ್ಲಿರಬೇಕು. ನಾಕೌಟ್ ಸುತ್ತಿನಲ್ಲಿ ನೀವು ಬರದಿದ್ದರೆ ನಿಮಗಾಗಿ ಯಾರೂ ಕಾಯುವುದಿಲ್ಲ. ಎದುರಾಳಿ ಒಬ್ಬನೇ ಓಡಿ ಮುಂದಿನ ಸುತ್ತಿಗೆ ಹೋಗುತ್ತಾನೆ, ನಿಮ್ಮ ದಿನ ಅಲ್ಲಿಗೆ ಮುಗಿಯಿತು. ಎಂಜಿನ್‌ಗೆ ಲಕ್ಷ ಸುರಿದವನೂ ಚಹಾ ಕುಡಿಯಲು ಹೋಗಿ ಸೋಲಬಹುದು.

ಇಷ್ಟು ಕಟ್ಟುನಿಟ್ಟು ಯಾಕೆ? ಒಂದು ಕಾರಣ, ಓಟ ಜೋಡಿಯಲ್ಲಿ ನಡೆಯುತ್ತದೆ. ಒಬ್ಬ ತಡ ಮಾಡಿದರೆ, ಅಥವಾ ನಡುವೆ ನುಗ್ಗಿದರೆ, ಹಿಂದಿನ ಎಲ್ಲ ಜೋಡಿಗಳೂ ಕಲಸಿಹೋಗುತ್ತವೆ. ಇನ್ನೊಂದು ಕಾರಣ ಶಾಖ. ಟೈರ್ ಬೆಚ್ಚಗಿದ್ದರೆ ಹಿಡಿತ ಚೆನ್ನಾಗಿರುತ್ತದೆ, ಎಂಜಿನ್ ಒಂದು ಉಷ್ಣತೆಯಲ್ಲಿದ್ದರೆ ಒಂದೇ ರೀತಿ ಓಡುತ್ತದೆ. ಸ್ಪರ್ಧಿಗಳು ತಮ್ಮ ಸರದಿಗೆ ಸರಿಯಾಗಿ ಎಲ್ಲವನ್ನೂ ಬೆಚ್ಚಗೆ ಮಾಡಿಕೊಂಡಿರುತ್ತಾರೆ. ಮುಂದಿನವನು ಹೆಲ್ಮೆಟ್ ಪಟ್ಟಿ ಹುಡುಕುತ್ತಾ ನಿಂತರೆ ಹಿಂದಿನವನ ಲೆಕ್ಕ ಕೆಡುತ್ತದೆ. ಹಾಗಾಗಿ ಹೆಲ್ಮೆಟ್, ಜಾಕೆಟ್, ಗ್ಲೌಸ್ ಸಾಲಿನ ತಲೆ ಮುಟ್ಟುವ ಮೊದಲೇ ಬಿಗಿಯಾಗಿರಬೇಕು. ಬೈಕು ಬಿಟ್ಟು ದೂರ ಹೋಗಬಾರದು, ಸಾಲು ಯಾವಾಗ ಮುಂದಕ್ಕೆ ಸರಿಯುತ್ತದೋ ಹೇಳಲಾಗದು. ಲೇನ್‌ನಲ್ಲಿ ವ್ಹೀಲಿಂಗ್ ಇಲ್ಲ, ಸುಮ್ಮನೆ ರೇಸ್ ಕೊಟ್ಟು ಸದ್ದು ಮಾಡುವುದೂ ಇಲ್ಲ. ಟೈರ್ ತಿರುಗಿಸಿ ಹೊಗೆ ಎಬ್ಬಿಸಲು ಬೇರೆ ಜಾಗವೇ ಇದೆ, ಅದೂ ಅಧಿಕಾರಿ ಸನ್ನೆ ಮಾಡಿದ ಮೇಲೆ.

ಆಯಿಲ್ ಸೋರುತ್ತಿದ್ದರೆ ತಾನಾಗಿಯೇ ಸಾಲು ಬಿಟ್ಟು ಹೊರಗೆ ಬರಬೇಕು. ಇದನ್ನು ದೊಡ್ಡ ಮರ್ಯಾದೆ ಎಂದು ಎಣಿಸುತ್ತಾರೆ. ಟ್ರ್ಯಾಕ್ ಮೇಲೆ ಒಂದು ಲೋಟ ಆಯಿಲ್ ಚೆಲ್ಲಿದರೂ ಅದನ್ನು ತೆಗೆಯುವವರೆಗೆ ಎಲ್ಲರ ಓಟ ನಿಲ್ಲುತ್ತದೆ. ಗಮನಿಸದೆ ಬಿಟ್ಟರೆ ಮುಂದಿನವನು ಬೀಳುತ್ತಾನೆ.

ಗೆರೆಯ ಬಳಿ

ಸ್ಟಾರ್ಟ್ ಗೆರೆಯಲ್ಲಿ ಎರಡು ಬೆಳಕಿನ ಕಿರಣಗಳಿರುತ್ತವೆ. ಮುಂದಿನ ಚಕ್ರ ಮೊದಲ ಕಿರಣ ಮುಟ್ಟಿದರೆ ಪ್ರೀ-ಸ್ಟೇಜ್ ದೀಪ ಹೊತ್ತುತ್ತದೆ. ಸುಮಾರು 18 ಸೆಂಟಿಮೀಟರ್ ಮುಂದೆ ಎರಡನೆಯದು, ಅದು ಸ್ಟೇಜ್. ಇಲ್ಲೊಂದು ಒಳ್ಳೆಯ ಪದ್ಧತಿ ಇದೆ. ಮೊದಲು ಬಂದವನು ಪ್ರೀ-ಸ್ಟೇಜ್‌ನಲ್ಲೇ ನಿಲ್ಲುತ್ತಾನೆ. ಎದುರಾಳಿಯೂ ತನ್ನ ಪ್ರೀ-ಸ್ಟೇಜ್ ದೀಪ ಹೊತ್ತಿಸಿದ ಮೇಲೆಯೇ ಇಬ್ಬರೂ ಮುಂದಿನ ಕಿರಣಕ್ಕೆ ಹೋಗುತ್ತಾರೆ. ಇನ್ನೂ ಸಿದ್ಧವಾಗದವನನ್ನು ಅವಸರಕ್ಕೆ ಬೀಳಿಸಿ ಗೆಲ್ಲುವುದು ಗೆಲುವಲ್ಲ ಎಂಬ ಲೆಕ್ಕ. ಹಾಗೆಂದು ಎದುರಾಳಿಯ ಎಂಜಿನ್ ಕಾಯಲಿ ಎಂದು ಬೇಕಂತಲೇ ಎಳೆದಾಡಿದರೂ ತಪ್ಪು. ಅದಕ್ಕೆ ಕೆಲವೇ ಸೆಕೆಂಡುಗಳ ಗಡುವು ಇರುತ್ತದೆ.

ಆಮೇಲೆ ಹಳದಿ ದೀಪಗಳು, ಕೊನೆಗೆ ಹಸಿರು. ಹಸಿರಿಗೆ ಮುಂಚೆ ಹೊರಟರೆ ಕೆಂಪು ಹೊತ್ತಿ ಸೋಲು.

‘ಹೆಚ್ಚು ಸ್ಪೀಡ್ ಇದ್ದವನೇ ಗೆಲ್ಲೋದು’ ಎನ್ನುವುದು ಇನ್ನೊಂದು ತಪ್ಪು ಕಲ್ಪನೆ. ಗಡಿಯಾರ ಎರಡು ಲೆಕ್ಕ ಇಡುತ್ತದೆ. ಹಸಿರು ಕಂಡ ಮೇಲೆ ನೀವು ಹೊರಡಲು ತೆಗೆದುಕೊಂಡ ಸಮಯ ಒಂದು, ಹೊರಟ ಮೇಲೆ ದೂರ ಮುಟ್ಟಲು ತೆಗೆದುಕೊಂಡ ಸಮಯ ಇನ್ನೊಂದು. ಉದಾಹರಣೆಗೆ, ಒಬ್ಬ 0.05 ಸೆಕೆಂಡಿನಲ್ಲಿ ಹೊರಟು 12.30 ಸೆಕೆಂಡಿನಲ್ಲಿ ಮುಟ್ಟಿದ. ಇನ್ನೊಬ್ಬನ ಬೈಕು ಇನ್ನೂ ಚುರುಕು, 12.10 ಸೆಕೆಂಡು. ಆದರೆ ಹೊರಡಲು 0.30 ತಗೊಂಡ. ಮೊದಲನೆಯವನ ಒಟ್ಟು 12.35, ಎರಡನೆಯವನದು 12.40. ನಿಧಾನದ ಬೈಕು ಗೆದ್ದಿತು. ಬ್ರ್ಯಾಕೆಟ್ ರೇಸಿಂಗ್ ಎಂಬ ಬಗೆಯಲ್ಲಂತೂ ಓಡುವ ಮೊದಲೇ ‘ನನ್ನ ಗಾಡಿ ಇಷ್ಟು ಸೆಕೆಂಡು ತಗೊಳ್ಳುತ್ತೆ’ ಎಂದು ಬರೆದುಕೊಡಬೇಕು. ನಿಧಾನದ ಗಾಡಿಗೆ ಅಷ್ಟು ಮುಂಚೆ ಹಸಿರು ಸಿಗುತ್ತದೆ. ಹೇಳಿದ್ದಕ್ಕಿಂತ ಬೇಗ ಮುಟ್ಟಿದರೆ ಸಾಮಾನ್ಯವಾಗಿ ಸೋಲು! ಸ್ಕೂಟರ್ ಕೂಡ ಸೂಪರ್‌ಬೈಕನ್ನು ಸೋಲಿಸಬಹುದಾದ ಆಟ ಇದು.

ರಸ್ತೆಯಲ್ಲಿ ಏನು ಇಲ್ಲ?

ದೀಪದ ಕಂಬ ಇಲ್ಲ ಎನ್ನುವುದು ಚಿಕ್ಕ ಕೊರತೆ. ದೊಡ್ಡ ಕೊರತೆ, ನಿಲ್ಲಲು ಜಾಗ ಇಲ್ಲ. ಟ್ರ್ಯಾಕ್‌ನಲ್ಲಿ ಓಟ ಮುಗಿದ ಮೇಲೆ ವೇಗ ಇಳಿಸಲೆಂದೇ ಉದ್ದದ ಖಾಲಿ ಹಾದಿ ಬಿಟ್ಟಿರುತ್ತಾರೆ. ಅದಕ್ಕಾಗಿ ಓಟವನ್ನೇ ಚಿಕ್ಕದು ಮಾಡಿದ್ದೂ ಇದೆ. 2008ರ ಜೂನ್‌ನಲ್ಲಿ ಸ್ಕಾಟ್ ಕಲಿಟ್ಟಾ ನಿಲ್ಲಿಸಲಾಗದೆ ಟ್ರ್ಯಾಕ್‌ನ ಕೊನೆ ದಾಟಿ ಸತ್ತ ಮೇಲೆ, ಅತಿ ವೇಗದ ವರ್ಗಗಳ ಓಟವನ್ನು 402ರಿಂದ 305 ಮೀಟರ್‌ಗೆ ಇಳಿಸಲಾಯಿತು.

ಈಗ ಹಂಗಳದ ರಸ್ತೆಗೆ ಬನ್ನಿ. ಗಂಟೆಗೆ 120 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 33 ಮೀಟರ್. ಎದುರಿಗೆ ಏನೋ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡು, 33 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ಇನ್ನೂ 80 ಮೀಟರ್ ಬೇಕು. ಒಟ್ಟು 110 ಮೀಟರ್‌ಗೂ ಹೆಚ್ಚು. ಅದೇ 60ರ ವೇಗದಲ್ಲಿ 40 ಮೀಟರ್ ಒಳಗೆ ನಿಲ್ಲಬಹುದು. ಮುಸ್ಸಂಜೆಯಲ್ಲಿ ಲೋ ಬೀಮ್ ಸರಿಯಾಗಿ ತೋರಿಸುವುದು ಸುಮಾರು 50 ಮೀಟರ್ ಮಾತ್ರ. ಬೆಟ್ಟ ಇರುವುದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗೆ. ರಸ್ತೆ ಖಾಲಿ ಎಂದು ನೀವು ಅಂದುಕೊಂಡದ್ದು ಜಿಂಕೆಗೆ, ಆನೆಗೆ, ಹೊಲದಿಂದ ಎತ್ತು ಹೊಡೆದುಕೊಂಡು ಬರುವವರಿಗೆ ಗೊತ್ತಿರುವುದಿಲ್ಲ.

ಕಾನೂನು ಚುಟುಕಾಗಿ: ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 1 ವರ್ಷ, 10,000 ರೂಪಾಯಿ. ಓಡಿಸಿದವನಿಗೆ 18 ತುಂಬಿರದಿದ್ದರೆ ಪೋಷಕರು ಅಥವಾ ಗಾಡಿಯ ಮಾಲೀಕರು ಕಲಂ 199ಎ ಅಡಿ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಎದುರಿಸಬೇಕಾಗುತ್ತದೆ.

ಒಂಬತ್ತು ಗಂಟೆಯ ಗೇಟು

ಈ ಭಾಗದಲ್ಲಿ ನಿಜವಾಗಿ ಗಡಿಯಾರ ನೋಡಿ ಸಾಲು ನಿಲ್ಲುವ ಜಾಗವೂ ಇದೆ. ಬಂಡೀಪುರದ ಮೂಲಕ ಊಟಿಗೂ ಕೇರಳಕ್ಕೂ ಹೋಗುವ ಎರಡು ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಗೇಟು ಹಾಕುವ ಮುನ್ನ ದಾಟಬೇಕೆಂದು ಗುಂಡ್ಲುಪೇಟೆಯಿಂದಲೇ ಜೋರಾಗಿ ಹೊಡೆಯುವವರ ಲೆಕ್ಕ ನೋಡಿ: 15 ಕಿ.ಮೀ. ದೂರಕ್ಕೆ 60ರ ವೇಗದಲ್ಲಿ 15 ನಿಮಿಷ, 90ರಲ್ಲಿ 10 ನಿಮಿಷ. ಪ್ರಾಣ ಪಣಕ್ಕಿಟ್ಟು ಉಳಿಸಿದ್ದು 5 ನಿಮಿಷ, ಅದನ್ನು ಪೇಟೆಯಲ್ಲಿ ಊಟ ಬೇಗ ಮುಗಿಸಿದ್ದರೂ ಉಳಿಸಬಹುದಿತ್ತು. ಬೆಟ್ಟದ ವಿಷಯದಲ್ಲಿ ಈ ಚಿಂತೆಯೇ ಇಲ್ಲ. ಖಾಸಗಿ ವಾಹನ ತಪ್ಪಲಲ್ಲೇ ನಿಲ್ಲಬೇಕು, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್. ನೀವು ಎಷ್ಟು ಬೇಗ ಬಂದರೂ ಬಸ್ಸಿನ ಸಾಲಿನಲ್ಲೇ ನಿಲ್ಲುವುದು.

ಓಡಿಸಲೇಬೇಕು ಎನ್ನುವವರಿಗೆ

ದಾರಿ ಇದೆ. ದೇಶದಲ್ಲಿ ಮೋಟಾರ್ ಕ್ರೀಡೆಯನ್ನು ನಡೆಸುವ ಒಕ್ಕೂಟ ಎಫ್‌ಎಂಎಸ್‌ಸಿಐ. ಅದರ ಅಡಿಯಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ರಾಷ್ಟ್ರೀಯ ಬೈಕ್ ಡ್ರ್ಯಾಗ್ ಸ್ಪರ್ಧೆಗಳು ನಡೆದಿವೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನು ಹಲವು ಬಾರಿ ಗೆದ್ದಿದ್ದಾರೆ. ಸ್ಪರ್ಧಿಸಲು ಒಕ್ಕೂಟದ ಲೈಸೆನ್ಸ್ ಬೇಕು, ಪೂರ್ತಿ ಸುರಕ್ಷತಾ ಉಡುಪು ಬೇಕು. ಓಟಕ್ಕೆ ಮುಂಚೆ ವಾಹನ ತಪಾಸಣೆಗೆ ಒಂದು ಸಮಯ ಕೊಟ್ಟಿರುತ್ತಾರೆ. ಮೊದಲ ಸಲ ಹೋಗುವವರು ಆ ಸಮಯಕ್ಕಿಂತ ಕನಿಷ್ಠ ಒಂದು ಗಂಟೆ ಮುಂಚೆ ತಲುಪುವುದು ಒಳ್ಳೆಯದು, ಏಕೆಂದರೆ ಅಲ್ಲೂ ಒಂದು ಸಾಲು ಇರುತ್ತದೆ.